ಎರಡು ಟರ್ಬೊ, ಹಳೆಯ ಬ್ರೇಕು

ಹುಬ್ಬಳ್ಳಿಯ ಹೊರವಲಯದಲ್ಲಿ ಗುರುಶಾಂತ ಎಂಬ ಮೆಕ್ಯಾನಿಕ್ ಇದ್ದ. ಎಂಜಿನ್ ಕೆಲಸದಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಕಾರು ಗೇಟಿನೊಳಗೆ ಬರುವಾಗಲೇ ಅದರ ಸದ್ದು ಕೇಳಿ ಏನು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಬೆಳಗಾವಿ, ದಾವಣಗೆರೆ, ಅಷ್ಟೇಕೆ, ಗೋವಾದಿಂದಲೂ ಜನ ಅವನ ಗ್ಯಾರೇಜ್ ಹುಡುಕಿಕೊಂಡು ಬರುತ್ತಿದ್ದರು.

ಅವನ ಪಾಲುದಾರ ದಾದಾಪೀರ. ಇಬ್ಬರೂ ಐಟಿಐಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಕಲಿತವರು. ಎಂಜಿನ್ ಕೆಲಸ ಗುರುಶಾಂತನದು. ಬ್ರೇಕು, ರೇಡಿಯೇಟರ್, ಕ್ಲಚ್ಚು, ವೈರಿಂಗು ದಾದಾಪೀರನದು. ಬೋರ್ಡಿನ ಮೇಲೆ ಇಬ್ಬರ ಹೆಸರೂ ಇತ್ತು. ಆದರೆ ಊರವರ ಬಾಯಲ್ಲಿ ಅದು ಗುರುಶಾಂತನ ಗ್ಯಾರೇಜ್ ಎಂದೇ ಆಗಿತ್ತು. ದಾದಾಪೀರ ಅದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ.

ಗುರುಶಾಂತನಿಗೆ ಬರೀ ಕೈಚಳಕ ಮಾತ್ರ ಇತ್ತು ಎಂದುಕೊಳ್ಳಬೇಡಿ. ಅವನು ತಿಳಿದವನು. ಕಾರಿನ ಹುಚ್ಚಿರುವವರು ಬಂದು, "ಅಣ್ಣಾರ, ನಮ್ಮ ಗಾಡಿಗೆ ಟರ್ಬೊ ಹಾಕಿಕೊಡ್ರಿ" ಎಂದರೆ ಅವರನ್ನು ಕೂಡಿಸಿ, ಚಹಾ ತರಿಸಿ, ನಿಧಾನವಾಗಿ ಬಿಡಿಸಿ ಹೇಳುತ್ತಿದ್ದ.

"ಟರ್ಬೊ ಅಂದ್ರ ಏನು? ಹೊರಗ ಹೋಗೋ ಹೊಗಿ ಜೋರಿಗೆ ತಿರುಗೋ ಒಂದು ಸಣ್ಣ ಗಾಲಿ. ಅದು ಎಂಜಿನ್ನಿಗೆ ಗಾಳಿ ತುರುಕ್ತೈತಿ. ಗಾಳಿ ಹೆಚ್ಚಾತಂದ್ರ ಪೆಟ್ರೋಲ್ ಹೆಚ್ಚು ಬೇಕು, ಅದಕ್ಕ ದೊಡ್ಡ ಪಂಪ್ ಬೇಕು. ಎರಡೂ ಕೂಡಿ ಉರಿದ್ರ ಕಾವು ಹೆಚ್ಚು, ಅದಕ್ಕ ದೊಡ್ಡ ರೇಡಿಯೇಟರ್ ಬೇಕು. ಹುಟ್ಟಿದ ಬಲ ಗಾಲಿಗೆ ಮುಟ್ಟಬೇಕಂದ್ರ ಗಟ್ಟಿ ಕ್ಲಚ್ ಬೇಕು. ಇಷ್ಟೆಲ್ಲಾ ಆಗಿ ಗಾಡಿ ಬಾಣದಂಗ ಹೊಂಟ್ರ ನಿಲ್ಲಸವ್ರು ಯಾರು? ಅದಕ್ಕ ಮೊದಲ ಬ್ರೇಕ್. ಟರ್ಬೊ ಕಡೀಕ."

ಬಂದವರಲ್ಲಿ ಹೆಚ್ಚಿನವರು ಇದನ್ನು ಕೇಳಿ ಬೇಸರದಿಂದ ಎದ್ದು ಹೋಗುತ್ತಿದ್ದರು. ಹೋದರೆ ಹೋಗಲಿ ಎಂದು ಅವನು ಬಿಟ್ಟುಬಿಡುತ್ತಿದ್ದ.

ಹೀಗಿರುವಾಗ ಒಂದು ದಿನ ಸುವರ್ಣಾ ಹಂಚಿನಮನಿ ಗ್ಯಾರೇಜಿಗೆ ಬಂದಳು.

ಸುವರ್ಣಾ ಊರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಊರಿನ ಅರ್ಧ ಹೆಣ್ಣುಮಕ್ಕಳು ಸ್ಟೇರಿಂಗ್ ಹಿಡಿಯಲು ಕಲಿತದ್ದು ಆಕೆಯ ಪಕ್ಕದಲ್ಲಿ ಕೂತೇ. ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಶಾಲೆಯ ಟೀಚರುಗಳು, ಅತ್ತೆಗೆ ಸಂತೆಗೆ ಹೋಗುತ್ತೇನೆಂದು ಹೇಳಿ ಕಲಿಯಲು ಬರುವ ಸೊಸೆಯರು, ಎಲ್ಲರಿಗೂ ಆಕೆ ಸುವರ್ಣಕ್ಕ. ಎದುರಿಗೆ ಲಾರಿ ಬಂದಾಗ ಹೆದರಿ ಕಣ್ಣು ಮುಚ್ಚಿಕೊಂಡವರಿಗೂ ಆಕೆ ಬೈದದ್ದಿಲ್ಲ.

ಆಕೆಗೆ ಒಂದೇ ಒಂದು ಆಸೆ ಇತ್ತು. ವರ್ಷಕ್ಕೊಮ್ಮೆ ಕರಿಗುಡ್ಡದಲ್ಲಿ ಕಾರುಗಳ ರೇಸ್ ನಡೆಯುತ್ತಿತ್ತು. ಅವತ್ತು ಗುಡ್ಡದ ರಸ್ತೆಯಲ್ಲಿ ಬೇರೆ ಗಾಡಿ ಬಿಡುತ್ತಿರಲಿಲ್ಲ. ಕಾರುಗಳು ಒಂದೊಂದಾಗಿ ಕೆಳಗಿನಿಂದ ತುದಿಗೆ ಏರಬೇಕು. ಎಲ್ಲರಿಗಿಂತ ಬೇಗ ಏರಿದವರಿಗೆ ದೊಡ್ಡ ಕಪ್. ಹೆಂಗಸರಿಗೆ ಬೇರೆಯದೇ ಒಂದು ಕಪ್ ಇಟ್ಟಿದ್ದರು. ಅದು ಪ್ರತಿ ವರ್ಷವೂ ಸುವರ್ಣಾಳಿಗೇ ಬರುತ್ತಿತ್ತು.

"ಹೆಂಗಸರ ಕಪ್ ನಮ್ಮ ಮನಿ ಕಪಾಟಿನ್ಯಾಗ ಸಾಲಾಗಿ ಅದಾವ್ರೀ, ಅಣ್ಣಾರ," ಎಂದಳು ಆಕೆ ನಗುತ್ತಾ. "ಒಂದರಾಗ ಪೆನ್ನು, ಒಂದರಾಗ ಸೂಜಿ ದಾರ ಹಾಕಿಟ್ಟೀನಿ. ನನಗ ದೊಡ್ಡ ಕಪ್ ಬೇಕು. ಗಂಡಸರು, ಹೆಂಗಸರು ಅಂತ ಏನೂ ಬರೀಲಾರದ್ದು."

ಅದಕ್ಕಾಗಿ ಆಕೆ ಪುಣೆಯಿಂದ ಒಂದು ಕಾರು ಕೊಂಡು ತಂದಿದ್ದಳು. ಎರಡು ಬಾಗಿಲಿನ, ಇಬ್ಬರೇ ಕೂರುವ ಹಳೆಯ ಸ್ಪೋರ್ಟ್ಸ್ ಕಾರು. ಮಾಗಿದ ಗೇರುಹಣ್ಣಿನ ಬಣ್ಣ. ಯಾರೋ ಶೋಕಿಗೆ ಕೊಂಡು, ಆಮೇಲೆ ತಾಡಪಾಲಿನ ಕೆಳಗೆ ಮರೆತು ಬಿಟ್ಟದ್ದು. ಎಂಜಿನ್ನಿನಲ್ಲಿ ಸಿಲಿಂಡರುಗಳು ಎರಡು ಸಾಲಿನಲ್ಲಿದ್ದವು. ಸಾಲಿಗೊಂದರಂತೆ ಎರಡು ಟರ್ಬೊ ಕೂಡಿಸಬಹುದಿತ್ತು.

ಗುರುಶಾಂತ ಕಾರಿನ ಸುತ್ತ ಒಂದು ಸುತ್ತು ಹಾಕಿದ. ಬಾನೆಟ್ ಎತ್ತಿ ನೋಡಿದ. ಅದನ್ನು ಕಟ್ಟುವ ಆಸೆ ಹುಟ್ಟಿತು. ಎರಡು ಟರ್ಬೊದ ಕಾರನ್ನು ಅವನು ಯಾವತ್ತೂ ಕಟ್ಟಿರಲಿಲ್ಲ. ಆ ಕಡೆ ಯಾರೂ ಕಟ್ಟಿರಲಿಲ್ಲ.

ಆದರೂ ಅವನು ತನ್ನ ಮಾತು ಬಿಡಲಿಲ್ಲ. ಆ ಭಾನುವಾರ ಗುರುಶಾಂತ, ದಾದಾಪೀರ, ಸುವರ್ಣಾ ಮೂವರೂ ಕೂತು ಯೋಜನೆ ಹಾಕಿದರು. ನೆಲಕ್ಕೆ ಒಂದು ತಾಡಪಾಲು ಹಾಸಿ, ಮಾಡಬೇಕಾದ ಕೆಲಸಗಳ ಗುರುತಿಗೆ ಹಳೆಯ ಸಾಮಾನುಗಳನ್ನು ಸಾಲಾಗಿ ಇಟ್ಟರು. ಮೊದಲು ಬ್ರೇಕಿನ ಡಿಸ್ಕು. ಅದರ ಪಕ್ಕ ರೇಡಿಯೇಟರ್. ಆಮೇಲೆ ಕ್ಲಚ್ ಪ್ಲೇಟು, ಪೆಟ್ರೋಲ್ ಪಂಪು. ಎಲ್ಲಕ್ಕಿಂತ ಕೊನೆಗೆ, ಟರ್ಬೊ ಬರಬೇಕಾದ ಜಾಗದಲ್ಲಿ, ಚಹಾ ಕುಡಿದ ಎರಡು ಗ್ಲಾಸುಗಳನ್ನು ಬೋರಲು ಹಾಕಿದರು.

"ಈ ವರ್ಷ ಈ ಮೊದಲಿನ ಕೆಲಸ ಅಷ್ಟ," ಎಂದ ಗುರುಶಾಂತ. "ಇದ್ದ ಎಂಜಿನ್ ಮ್ಯಾಲೇನ ಗುಡ್ಡ ಹತ್ರಿ. ಗಾಡಿ ನಿಮಗ ಹೊಂದಲಿ, ನೀವು ಗಾಡಿಗೆ ಹೊಂದ್ರಿ. ಮುಂದಿನ ವರ್ಷ ಟರ್ಬೊ. ಗೆಲ್ಲೂದೂ ಮುಂದಿನ ವರ್ಷ."

ಸುವರ್ಣಾಳ ಮುಖ ಸ್ವಲ್ಪ ಬಾಡಿತು. ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು.

"ಇಷ್ಟು ವರ್ಷ ಕಾದೀನಿ. ಇನ್ನೊಂದು ವರ್ಷ ಏನು ಮಹಾ? ನೀವು ಹೆಂಗ ಹೇಳ್ತೀರಿ ಹಂಗ, ಅಣ್ಣಾರ."

ದಾದಾಪೀರ ಅವತ್ತು ಬಹಳ ಖುಷಿಯಲ್ಲಿದ್ದ. ತನ್ನ ಕೆಲಸದ ಬಗ್ಗೆ ಇಷ್ಟು ಹೊತ್ತು ಕೂತು ಮಾತಾಡಿದ ಗಿರಾಕಿಯನ್ನು ಅವನು ನೋಡಿಯೇ ಇರಲಿಲ್ಲ.

ಸಾಮಾನುಗಳಿಗೆ ಹೇಳಿ ಕಳಿಸಿದರು. ಎಲ್ಲವೂ ಹೊರದೇಶದಿಂದ ಬರಬೇಕಿತ್ತು. ರೇಡಿಯೇಟರ್ ಬಂತು. ಪಂಪು, ಕ್ಲಚ್ಚು ಬಂದವು. ಅವುಗಳ ಹಿಂದೆಯೇ ಟರ್ಬೊಗಳೂ ಬಂದುಬಿಟ್ಟವು. ಬ್ರೇಕಿನ ಪೆಟ್ಟಿಗೆಯೊಂದೇ ಬಂದರಿನಲ್ಲಿ ಸಿಕ್ಕಿಕೊಂಡಿತು. ಇವತ್ತು ಬಿಡುತ್ತಾರೆ, ನಾಳೆ ಬಿಡುತ್ತಾರೆ ಎಂದು ಏಜೆಂಟ್ ಫೋನಿನಲ್ಲಿ ಹೇಳುತ್ತಲೇ ಇದ್ದ.

ಗುರುಶಾಂತ ಟರ್ಬೊಗಳನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ. ಶಂಖದ ಹಾಗೆ ಸುರುಳಿ ಸುತ್ತಿದ ಎರಡು ಲೋಹದ ಗೂಡುಗಳು. ಒಳಗಿನ ಪುಟ್ಟ ರೆಕ್ಕೆಗಳನ್ನು ಬೆರಳಿನಿಂದ ತಿರುಗಿಸಿದರೆ ಸದ್ದಿಲ್ಲದೆ ತಿರುಗುತ್ತಿದ್ದವು. ಬೇರೆ ಗಾಡಿಯ ಕೆಲಸ ಮಾಡುತ್ತಿದ್ದರೂ ಹೋಗುತ್ತಾ ಬರುತ್ತಾ ಅವನ್ನೊಮ್ಮೆ ತಿರುಗಿಸಿ ಹೋಗುತ್ತಿದ್ದ.

ಅಷ್ಟರಲ್ಲಿ ಬಿಡಿಭಾಗದ ಅಂಗಡಿಯವರಿಂದ ಒಂದು ಸುದ್ದಿ ಬಂತು. ಕೊಲ್ಲಾಪುರದವರೊಬ್ಬರು ಎರಡು ಟರ್ಬೊದ ಕಾರು ಕಟ್ಟುತ್ತಿದ್ದಾರಂತೆ. ಈ ವರ್ಷವೇ ಕರಿಗುಡ್ಡಕ್ಕೆ ತರುತ್ತಾರಂತೆ.

ಆ ಸುದ್ದಿ ಗುರುಶಾಂತನ ತಲೆಯಿಂದ ಇಳಿಯಲಿಲ್ಲ. ಮುಂದಿನ ವರ್ಷ ತಾನು ಎಷ್ಟೇ ಚೆನ್ನಾಗಿ ಕಟ್ಟಿದರೂ ಅದು ಎರಡನೆಯದು. ಕೊಲ್ಲಾಪುರದವರನ್ನು ನೋಡಿ ಮಾಡಿದ್ದು ಎಂದು ಜನ ಹೇಳುತ್ತಾರೆ. ಊಟಕ್ಕೆ ಕೂತರೂ ಅದೇ, ಸ್ನಾನಕ್ಕೆ ನಿಂತರೂ ಅದೇ ಯೋಚನೆ.

ಒಂದು ಬೆಳಿಗ್ಗೆ ದಾದಾಪೀರ ಗ್ಯಾರೇಜಿಗೆ ಬಂದಾಗ ಗೇರುಹಣ್ಣಿನ ಬಣ್ಣದ ಕಾರಿನ ಎಂಜಿನ್ ಬಿಚ್ಚಿಯಾಗಿತ್ತು. ಗುರುಶಾಂತ ಟರ್ಬೊ ಕೂಡಿಸಲು ಅಳತೆ ತೆಗೆಯುತ್ತಿದ್ದ.

"ಏನಿದು, ದೋಸ್ತಾ?"

"ಬ್ರೇಕ್ ಬರೂದು ತಡಾ ಆಗಾಕತ್ತೈತಿ. ಅಲ್ಲೀತನಕ ಕೈ ಕಟ್ಟಿ ಕುಂದ್ರೂದ್ಯಾಕ? ಟರ್ಬೊ ಕೂಡಿಸೇ ಬಿಡೂಣು."

"ಕೂಡಿಸು. ಆದ್ರ ಓಡಸಬ್ಯಾಡ."

"ಓಡಸಲಾರದ ಇಟ್ಟು ಪೂಜಿ ಮಾಡ್ಲೇನು? ಈ ವರ್ಷಾನ ಗುಡ್ಡಕ್ಕ ಹೋಗ್ತೈತಿ."

ದಾದಾಪೀರ ಬಿಚ್ಚಿದ ಎಂಜಿನ್ನಿನ ಕಡೆ ಬೊಟ್ಟು ಮಾಡಿದ. "ಬಂದವ್ರಿಗೆಲ್ಲಾ ದಿನಾ ನೀ ಹೇಳೂದು ಏನು?" ಎಂದ.

"ಅವ್ರಿಗೆ ಹೇಳೂದು ಬ್ಯಾರೆ. ಅವ್ರ ಗಾಡಿ ಯಾರ್ಯಾರೋ ಕಟ್ತಾರ. ಇದು ನನ್ನ ಕೈ."

"ನಿನ್ನ ಕೈ ಎಂಜಿನ್ ಮ್ಯಾಲೆ ಇರ್ತೈತಿ, ಗುರು. ಬ್ರೇಕ್ ಮ್ಯಾಲೆ ಇರೂದು ಅಕಿ ಕಾಲು."

ಗುರುಶಾಂತನಿಗೆ ಸಿಟ್ಟು ನೆತ್ತಿಗೇರಿತು. ಮಾತು ಸರಿಯಾಗಿದ್ದದ್ದಕ್ಕೇ ಸಿಟ್ಟು ಹೆಚ್ಚು ಬಂದಿತ್ತು. "ನಿನ್ನ ಕೆಲಸ ಹಿಂದ ಉಳೀತಂತ ನಿನಗ ಹೊಟ್ಟಿಕಿಚ್ಚು," ಎಂದುಬಿಟ್ಟ. "ಗಾಡಿ ಅಂದ್ರ ಎಂಜಿನ್ನು. ಉಳಿದದ್ದೆಲ್ಲಾ ಮ್ಯಾಲಿನ ಕೆಲಸ."

ಇಷ್ಟು ವರ್ಷಗಳಲ್ಲಿ ಅಂಥ ಮಾತು ಅವರ ನಡುವೆ ಬಂದಿರಲಿಲ್ಲ. ದಾದಾಪೀರ ಕೈಯಲ್ಲಿದ್ದ ಅರಿವೆಯನ್ನು ಮಡಚಿ ಮೇಜಿನ ಮೇಲಿಟ್ಟ. "ಹಂಗಾದ್ರ ಈ ಗಾಡಿಗೆ ನಾ ಕೈ ಹಚ್ಚಾಂಗಿಲ್ಲ," ಎಂದು ಹೇಳಿ ತನ್ನ ಮೂಲೆಗೆ ಹೋದ. ಅವತ್ತಿನಿಂದ ಇಬ್ಬರೂ ಬುತ್ತಿಯನ್ನು ಬೇರೆ ಬೇರೆ ಕೂತು ಉಂಡರು.

ಟರ್ಬೊ ಕೂಡಿದವು. ಗುರುಶಾಂತ ಜೀವ ತೇದು ಕೆಲಸ ಮಾಡಿದ್ದ. ಪೈಪುಗಳ ಬೆಸುಗೆ ನೋಡಿದರೆ ಎರಕ ಹೊಯ್ದ ಹಾಗೆ ಕಾಣುತ್ತಿತ್ತು. ರೇಡಿಯೇಟರ್, ಪಂಪು, ಕ್ಲಚ್ಚು ಎಲ್ಲವನ್ನೂ ತಾನೇ ಹಾಕಿದ. ಬ್ರೇಕು ಮಾತ್ರ ಕಾರು ಹುಟ್ಟಿದಾಗಿನದೇ ಉಳಿಯಿತು.

ಕಾರನ್ನು ಓಡಿಸಿ ನೋಡಲು ಸುವರ್ಣಾಳನ್ನು ಕರೆಸಿದ. ಆಕೆಗೆ ಅಚ್ಚರಿ.

"ಮುಂದಿನ ವರ್ಷ ಅಂದಿದ್ರಲ್ಲ, ಅಣ್ಣಾರ?"

"ಮನಸು ತಡೀಲಿಲ್ಲ, ತಂಗಿ. ಒಮ್ಮೆ ಓಡಿಸಿ ನೋಡ್ರಿ. ಆಮ್ಯಾಲೆ ಮಾತಾಡ್ರಿ."

ಊರಾಚೆ ಮನೆಗಳಿನ್ನೂ ಏಳದ ಹೊಸ ಬಡಾವಣೆಯ ಖಾಲಿ ರಸ್ತೆಗೆ ಕಾರು ಒಯ್ದರು. ಸುವರ್ಣಾ ಹೋದಳು. ಸ್ವಲ್ಪ ದೂರ ಹೋದ ಮೇಲೆ ಸೀಟಿ ಊದಿದ ಹಾಗೆ ಒಂದು ಸಣ್ಣ ಸ್ವರ ಎದ್ದಿತು. ಅದರ ಹಿಂದೆಯೇ ಕಾರು ನೆಲ ಬಿಟ್ಟಿತೇನೋ ಎಂಬಂತೆ ಜಿಗಿಯಿತು. ರಸ್ತೆಯ ಕೊನೆಗೆ ಹೋಗಿ ತಿರುಗಿ ಬಂದಾಗ ಆಕೆಯ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಗುರುಶಾಂತನಿಗೆ ಜನ್ಮ ಸಾರ್ಥಕವಾಯಿತು ಎನ್ನಿಸಿತು.

ಆದರೆ ಸುವರ್ಣಾ ಕೆಳಗಿಳಿಯಲಿಲ್ಲ. ಬ್ರೇಕಿನ ಪೆಡಲ್ಲಿನ ಮೇಲೆ ಕಾಲಿಟ್ಟು, ಎರಡು ಮೂರು ಸಲ ಒತ್ತಿ ನೋಡಿದಳು. ಆಕೆ ಡ್ರೈವಿಂಗ್ ಕಲಿಸುವವಳು. ಹೊಸಬರಿಗೆ ಮೊದಲ ದಿನ ಗಾಡಿ ಓಡಿಸುವುದನ್ನು ಕಲಿಸುತ್ತಲೇ ಇರಲಿಲ್ಲ, ನಿಲ್ಲಿಸುವುದನ್ನು ಕಲಿಸುತ್ತಿದ್ದಳು.

"ಅಣ್ಣಾರ," ಎಂದಳು. "ಈ ಜೋರಿಗೆ ಹಳೇ ಬ್ರೇಕ್ ಸಾಕಾಗ್ತಾವೇನ್ರೀ?"

ಉತ್ತರ ಗುರುಶಾಂತನಿಗೆ ಗೊತ್ತಿತ್ತು. ಅವನಷ್ಟು ಚೆನ್ನಾಗಿ ಆ ಊರಿನಲ್ಲಿ ಮತ್ಯಾರಿಗೂ ಗೊತ್ತಿರಲಿಲ್ಲ. 'ಇಲ್ಲ' ಎಂದರೆ ಕಾರು ಈ ವರ್ಷ ಗ್ಯಾರೇಜಿನಲ್ಲೇ ಉಳಿಯುತ್ತದೆ. ಕರಿಗುಡ್ಡದಲ್ಲಿ ಕೊಲ್ಲಾಪುರದವರ ಫೋಟೊ ತೆಗೆಯುತ್ತಾರೆ. ಅಷ್ಟೇ ಆಗುವುದು, ಅದಕ್ಕಿಂತ ಹೆಚ್ಚಿನ ನಷ್ಟವೇನೂ ಇರಲಿಲ್ಲ.

"ಸಾಕಾಗ್ತಾವ, ತಂಗಿ," ಎಂದ. ಹಾಗೆ ಹೇಳಿ ನಕ್ಕ. "ನಮಗ ಗುಡ್ಡ ಏರೂದೈತಿ, ಇಳಿಯೂದಲ್ಲ. ಏರಿನ್ಯಾಗ ಗಾಡಿ ತಾನ ಜೋರು ಕಡಿಮಿ ಮಾಡ್ಕೋತೈತಿ."

ಸುವರ್ಣಾಳೂ ನಕ್ಕಳು. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ರೇಸಿನ ದಿನ ಬಂತು. ಕರಿಗುಡ್ಡದ ಬುಡದಲ್ಲಿ ಶಾಮಿಯಾನ, ಮೈಕು, ಮಿರ್ಚಿ ಭಜಿಯ ಬಂಡಿಗಳು. ಕಪ್ ಕೊಡುವ ವೇದಿಕೆಯೂ ಅಲ್ಲಿಯೇ. ಗುರುಶಾಂತ ಮಾತ್ರ ಬೆಳಿಗ್ಗೆಯೇ ಸ್ವಯಂಸೇವಕರ ಜೀಪು ಹತ್ತಿ ಗುಡ್ಡದ ತುದಿಗೆ ಹೋಗಿದ್ದ. ಕಾರು ಕೊನೆಯ ಗೆರೆ ದಾಟುವುದನ್ನು ಕಣ್ಣಾರೆ ನೋಡಬೇಕಿತ್ತು ಅವನಿಗೆ. ದಾದಾಪೀರ ಬಂದಿರಲಿಲ್ಲ.

ಕೊಲ್ಲಾಪುರದ ಕಾರು ಮೊದಲು ಹೊರಟಿತು. ಅರ್ಧ ದಾರಿಯಲ್ಲಿ ಅದರ ಎಂಜಿನ್ ಕಾದು, ಬಾನೆಟ್ಟಿನಿಂದ ಬುಸಬುಸ ಆವಿ ಎದ್ದು ಅಲ್ಲೇ ನಿಂತುಬಿಟ್ಟಿತು. ಸುದ್ದಿ ಕೇಳಿ ಗುರುಶಾಂತ ಒಳಗೊಳಗೇ ಹಿಗ್ಗಿದ. ಮುಂದೆ ಎಷ್ಟೋ ಸಲ ಅವನು ಆ ಕಾರನ್ನು ನೆನೆಸಿಕೊಂಡ. ನಮ್ಮದೂ ಹಾಗೇ ನಿಂತುಬಿಡಬಾರದಿತ್ತೇ ಎಂದು ಹಲುಬಿದ.

ಸುವರ್ಣಾಳ ಸರದಿ ಬಂತು. ಕಾರು ಕಾಣುವ ಮೊದಲೇ ಆ ಸೀಟಿಯ ಸ್ವರ ಕಣಿವೆಯಿಂದ ಮೇಲೆ ಬಂತು. ನೇರ ರಸ್ತೆಯಲ್ಲಿ ಹಾರುತ್ತಿತ್ತು. ತಿರುವು ಬಂದಾಗಲೆಲ್ಲ ಗಕ್ಕನೆ ವೇಗ ತಗ್ಗಿಸಿ, ತಿರುಗಿ, ಮತ್ತೆ ಹಾರುತ್ತಿತ್ತು. ಏರಿನಲ್ಲಿ ಬ್ರೇಕಿಗೆ ಕೆಲಸವಿಲ್ಲ ಎಂದಿದ್ದನಲ್ಲ, ಅದು ಹಳೆಯ ಎಂಜಿನ್ನಿನ ಮಾತು. ಈ ವೇಗದಲ್ಲಿ ಪ್ರತಿ ತಿರುವಿಗೂ ಆಕೆ ಬಲವಾಗಿ ಬ್ರೇಕ್ ತುಳಿಯಲೇಬೇಕಿತ್ತು.

ಗೆರೆ ದಾಟಿದಳು. ಆ ಗುಡ್ಡವನ್ನು ಅಷ್ಟು ಬೇಗ ಯಾರೂ ಏರಿರಲಿಲ್ಲ. ಹೆಂಗಸರಲ್ಲಿ ಅಲ್ಲ, ಎಲ್ಲರಲ್ಲಿ. ಆಕೆ ಹೆಲ್ಮೆಟ್ ತೆಗೆದು, ಕಾರಿನಿಂದಿಳಿದು, ರಸ್ತೆಯ ನಡುವೆಯೇ ಕುಣಿದಳು. ಗುರುಶಾಂತನ ಎರಡೂ ಕೈ ಹಿಡಿದು, "ಅಣ್ಣಾರ! ಅಣ್ಣಾರ!" ಎಂದಷ್ಟೇ ಹೇಳಿದಳು.

ಆಗ ಅವನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ನೋಡಿದ. ಮುಂದಿನ ಗಾಲಿಗಳ ಒಳಗಿನಿಂದ ತೆಳ್ಳಗೆ ನೀಲಿ ಹೊಗೆ ಏಳುತ್ತಿತ್ತು. ಓಡುವಾಗ ಗಾಳಿಗೆ ತಣ್ಣಗಾಗುವ ಬ್ರೇಕು, ನಿಂತ ಮೇಲೆ ತನ್ನ ಕಾವನ್ನೆಲ್ಲ ಬ್ರೇಕ್ ಆಯಿಲ್ಲಿಗೆ ದಾಟಿಸುತ್ತದೆ. ಆಯಿಲ್ ಕುದ್ದರೆ ಒಳಗೆ ಗುಳ್ಳೆ ಏಳುತ್ತದೆ. ಆಮೇಲೆ ಪೆಡಲ್ ಎಷ್ಟು ತುಳಿದರೂ ಗುಳ್ಳೆ ಕುಗ್ಗುತ್ತದೆ, ಗಾಲಿ ನಿಲ್ಲುವುದಿಲ್ಲ. ಇದನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. 'ತಾಸೊತ್ತು ಬಿಟ್ಟು ಇಳೀರಿ' ಎಂದು ಆಕೆಗೆ ಹೇಳಬೇಕು ಎಂದುಕೊಂಡು ಹೆಜ್ಜೆ ಎತ್ತಿಟ್ಟ.

ಅಷ್ಟರಲ್ಲಿ ಜನ ಮುತ್ತಿದರು. ಟಿವಿಯವನೊಬ್ಬ ಮೈಕನ್ನು ಅವನ ಬಾಯಿಯ ಮುಂದೆ ಹಿಡಿದ. "ಈ ಗಾಡಿ ಕಟ್ಟಿದವ್ರು ನೀವೇನ್ರಿ? ಎರಡು ಟರ್ಬೊ ಹೆಂಗ ಕೂಡಿಸಿದ್ರಿ? ಸ್ವಲ್ಪ ಹೇಳ್ರಿ."

ಗುರುಶಾಂತ ಹೇಳತೊಡಗಿದ. ಒಂದು ಮಾತು ಹೇಳಿ ಮುಗಿಸುತ್ತೇನೆ ಎಂದುಕೊಂಡಿದ್ದ. ಅವರು ಇನ್ನೊಂದು ಕೇಳಿದರು. ಬೆಸುಗೆಯ ಬಗ್ಗೆ ಹೇಳಿದ, ಗಾಳಿಯ ಒತ್ತಡದ ಬಗ್ಗೆ ಹೇಳಿದ. ಇಷ್ಟು ದಿನ ಯಾರೂ ಕೇಳದಿದ್ದದ್ದನ್ನು ಜನ ಬಾಯಿಬಿಟ್ಟು ಕೇಳುತ್ತಿದ್ದರು. ಕೆಳಗೆ ವೇದಿಕೆಯಲ್ಲಿ ಅತಿಥಿಗಳು ಕಾಯುತ್ತಿದ್ದಾರೆ, ಬೇಗ ಇಳಿಯಿರಿ ಎಂದು ಸಂಘಟಕರು ಸುವರ್ಣಾಳನ್ನು ಅವಸರಪಡಿಸಿದರು. ಅವನು ಮಾತು ಮುಗಿಸಿ ತಿರುಗಿ ನೋಡಿದಾಗ ಕಾರು ಇದ್ದ ಜಾಗ ಬರಿದಾಗಿತ್ತು.

ಅವನು ಓಡಿದ. ಇಳಿಜಾರಿನಲ್ಲಿ ಚಪ್ಪಲಿ ಕಿತ್ತುಹೋದವು. ಬರಿಗಾಲಲ್ಲೇ ಓಡಿದ.

ಅತ್ತ ಕಾರಿನಲ್ಲಿ, ಮೊದಲ ತಿರುವಿನಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿತ್ತು. ಅದರ ಮುಂದಿನದರಲ್ಲಿ ನೆಲ ಮುಟ್ಟಿತು. ಸುವರ್ಣಾ ಗೇರ್ ಇಳಿಸಿದಳು, ಹ್ಯಾಂಡ್ ಬ್ರೇಕ್ ಎಳೆದಳು. ಭಾರದ ಕಾರು ಇಳಿಜಾರಿನಲ್ಲಿ ಅದಕ್ಕೆ ಜಗ್ಗಲಿಲ್ಲ. ಮುಂದೆ ಸ್ವಯಂಸೇವಕರನ್ನು ತುಂಬಿಕೊಂಡ ಜೀಪು ನಿಧಾನವಾಗಿ ಇಳಿಯುತ್ತಿತ್ತು. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಬಂಡೆ. ಜೀಪಿಗೆ ಗುದ್ದಿದ್ದರೆ ಆಕೆಯ ಕಾರು ನಿಲ್ಲುತ್ತಿತ್ತು, ಜೀಪು ಪ್ರಪಾತಕ್ಕೆ ಬೀಳುತ್ತಿತ್ತು. ಸುವರ್ಣಾ ಸ್ಟೇರಿಂಗನ್ನು ಬಂಡೆಯ ಕಡೆ ತಿರುಗಿಸಿದಳು.

ಗುರುಶಾಂತ ಬಂದು ಮುಟ್ಟಿದಾಗ ಜನ ಆಕೆಯನ್ನು ಹೊರಗೆ ತೆಗೆಯುತ್ತಿದ್ದರು. ಕಾರಿನ ಮೂತಿ ಒಳಗೆ ಹೋಗಿತ್ತು. ಆಕೆಯ ಬಲಗಾಲು ಇನ್ನೂ ಬ್ರೇಕ್ ಪೆಡಲ್ಲಿನ ಮೇಲೇ ಇತ್ತು. ಕೊನೆಯವರೆಗೂ ತುಳಿದೇ ಇದ್ದಳು.

ಜೀವ ಉಳಿಯಿತು. ಕಾಲು ಉಳಿಯಲಿಲ್ಲ ಎಂದೇ ಹೇಳಬೇಕು. ಹಲವು ಆಪರೇಷನ್ ಆದವು. ಮೊಣಕಾಲು ಮಡಚಲು ಬರಲಿಲ್ಲ, ಪಾದ ಅಲುಗಲಿಲ್ಲ. ಕೋಲು ಹಿಡಿದು ನಡೆಯಬಹುದು, ಪೆಡಲ್ ತುಳಿಯುವಂತಿಲ್ಲ ಎಂದರು ಡಾಕ್ಟರು.

ರೇಸಿನವರು ವಿಚಾರಣೆ ನಡೆಸಿದರು. ಸುವರ್ಣಾ ಆಸ್ಪತ್ರೆಯ ಹಾಸಿಗೆಯಲ್ಲೇ ಹೇಳಿಕೆ ಕೊಟ್ಟಳು. "ಬ್ರೇಕ್ ತಣ್ಣಗಾಗೂ ಮೊದಲ ನಾನ ಇಳದೆ. ಗಾಡಿ ನಂದು, ತಪ್ಪೂ ನಂದು," ಎಂದಳು. ಗುರುಶಾಂತನ ಹೆಸರೆತ್ತಲಿಲ್ಲ. ದೊಡ್ಡ ಕಪ್ಪನ್ನು ಯಾರೋ ಆಕೆಯ ಮಂಚದ ಪಕ್ಕ ತಂದಿಟ್ಟು ಹೋದರು.

ಇನ್ನೂ ಒಂದು ನಡೆಯಿತು. ಗುಡ್ಡ ಏರಿದ ಆ ವೇಗದ ಸುದ್ದಿ ಎಲ್ಲ ಕಡೆ ಹಬ್ಬಿತು. ಎರಡು ಟರ್ಬೊ ಹಾಕಿಸಲು ದೂರದೂರದಿಂದ ಜನ ಬರತೊಡಗಿದರು. ಇಳಿಯುವಾಗ ಆದದ್ದನ್ನು ಅವರಾರೂ ಕೇಳುತ್ತಿರಲಿಲ್ಲ. ತಾನು ಬಯಸಿದ ಹೆಸರು ತಾನಾಗಿಯೇ ಬಾಗಿಲಿಗೆ ಬಂದಾಗ ಗುರುಶಾಂತನಿಗೆ ಅವರ ಮುಖ ನೋಡಲಾಗಲಿಲ್ಲ. ಒಬ್ಬೊಬ್ಬರನ್ನೇ ವಾಪಸು ಕಳಿಸಿದ.

ಬಂದರಿನಲ್ಲಿ ಸಿಕ್ಕಿಕೊಂಡಿದ್ದ ಬ್ರೇಕಿನ ಪೆಟ್ಟಿಗೆಯೂ ಒಂದು ಮಧ್ಯಾಹ್ನ ಬಂತು. ಸಹಿ ಹಾಕಿ ತೆಗೆದುಕೊಂಡವನು ದಾದಾಪೀರ. ಅದನ್ನು ಬಿಚ್ಚಲಿಲ್ಲ. ಅದರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತ. ಅವನು ಈಗ ಬೈಯುತ್ತಾನೆ ಎಂದು ಗುರುಶಾಂತ ಕಾದ. ಬೈದಿದ್ದರೆ ಎದೆ ಹಗುರಾಗುತ್ತಿತ್ತೋ ಏನೋ.

"ಅಕಿ ನಂಬರ್ ನನ್ನ ಫೋನಿನ್ಯಾಗ ಇತ್ತು," ಎಂದ ದಾದಾಪೀರ. "ಒಂದು ಫೋನ್ ಮಾಡಿ 'ಬ್ಯಾಡ ತಂಗಿ' ಅಂತ ಹೇಳಿದ್ರ ಆಗ್ತಿತ್ತು. ನಿನ್ನ ಮ್ಯಾಲಿನ ಸಿಟ್ಟಿಗೆ ಸುಮ್ನ ಕುಂತೆ. ಇವನಿಗೆ ಬುದ್ಧಿ ಬರ್ಲಿ ಅಂದ್ಕೊಂಡೆ. ನಿನಗ ಬುದ್ಧಿ ಬರಾಕ ಅಕಿ ಕಾಲು ಹೋತು."

ತಿಂಗಳು ಕಳೆದ ಮೇಲೆ ದಾದಾಪೀರ ತನ್ನ ಉಪಕರಣಗಳನ್ನು ಕಟ್ಟಿಕೊಂಡು ಹಳೇ ಹುಬ್ಬಳ್ಳಿಯಲ್ಲಿ ತನ್ನದೇ ಬ್ರೇಕಿನ ಅಂಗಡಿ ಹಾಕಿದ. ಜಗಳವಾಡಿಕೊಂಡು ಹೋಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಾ ಕೆಲಸ ಮಾಡುವುದು ಇಬ್ಬರಿಗೂ ಆಗದಾಗಿತ್ತು.

ಗುರುಶಾಂತ ಆಸ್ಪತ್ರೆಗೆ ಎಷ್ಟೋ ಸಲ ಹೋಗಿದ್ದ. ಜನರಿರುತ್ತಿದ್ದರು, ಹಣ್ಣು ಇಟ್ಟು ಬಂದುಬಿಡುತ್ತಿದ್ದ. ಕೊನೆಗೆ ಸುವರ್ಣಾ ಮನೆಗೆ ಬಂದ ಮೇಲೆ, 'ಅಕಿ ಒಬ್ಬಾಕೀನ ಇರೋ ಹೊತ್ತಿನ್ಯಾಗ ಬರ್ತೀನಿ' ಎಂದು ಆಕೆಯ ತಂಗಿಗೆ ಮೊದಲೇ ಹೇಳಿಟ್ಟು ಹೋದ. ಡ್ರೈವಿಂಗ್ ಸ್ಕೂಲನ್ನು ಈಗ ಆ ತಂಗಿ ನೋಡಿಕೊಳ್ಳುತ್ತಿದ್ದಳು. ಸುವರ್ಣಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು.

"ಅವತ್ತು ನೀವು ಕೇಳಿದ್ರಿ, ಬ್ರೇಕ್ ಸಾಕಾಗ್ತಾವೇನು ಅಂತ," ಎಂದ ಗುರುಶಾಂತ. ನಿಂತೇ ಇದ್ದ. "ಸಾಕಾಗಾಂಗಿಲ್ಲ ಅಂತ ನನಗ ಗೊತ್ತಿತ್ತು, ತಂಗಿ. ಗೊತ್ತಿದ್ದೂ ಹೇಳ್ಲಿಲ್ಲ. ನಾನ ಮೊದಲನೇಂವ ಆಗಬೇಕಂತ."

"ನನಗ ತಿಳದೈತ್ರಿ," ಎಂದಳು ಸುವರ್ಣಾ. "ಮಂಚದ ಮ್ಯಾಲೆ ಮಲಕೊಂಡು ಅದನ್ನ ಯೋಚನಿ ಮಾಡೀನಿ. ಕುಂದರ್ರಿ."

ಅವನು ಕೂತ. ಆಕೆ ತಾನೇ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಸ್ವಲ್ಪ ಧೈರ್ಯ ಮಾಡಿ, ಹಲವು ದಿನಗಳಿಂದ ಮನಸ್ಸಿನಲ್ಲಿದ್ದದ್ದನ್ನು ಹೇಳಿದ.

"ಕಾಲು ಹಚ್ಚಲಾರದ, ಬರೇ ಕೈಲೇ ಓಡಸೂವಂಥಾ ಗಾಡಿ ಮಾಡಾಕ ಬರ್ತೈತಿ. ಎಕ್ಸಲೇಟರ್ರು, ಬ್ರೇಕು ಎಲ್ಲಾ ಸ್ಟೇರಿಂಗ್ ಹತ್ರಾನ. ನಾ ಮಾಡಿಕೊಡ್ತೀನಿ. ಎಷ್ಟು ದಿನಾ ಹಿಡದ್ರೂ ಹಿಡೀಲಿ, ಒಂದು ಸ್ಕ್ರೂ ಬಿಡಲಾರದಂಗ ನೋಡಿ ಮಾಡಿಕೊಡ್ತೀನಿ. ಇಷ್ಟರ ಮಾಡಾಕ ಬಿಡ್ರಿ ನನಗ."

ಸುವರ್ಣಾ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದಳು. ಆಮೇಲೆ ಮೆತ್ತಗೆ ಹೇಳಿದಳು.

"ಅಂಥಾ ಗಾಡಿ ಮಾಡಸ್ತೀನ್ರೀ, ಅಣ್ಣಾರ. ದಾದಾಪೀರಣ್ಣಾರಿಗೆ ಹೇಳೀನಿ. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ದೇವರಾಣಿ ಇಲ್ಲ. ಆದ್ರ ನಿಮ್ಮ ಕಡೆ ಮಾಡಸಾಂಗಿಲ್ಲ. ಮಾಡಿಸಿದ್ರ, ಪ್ರತೀ ಸಲ ಬ್ರೇಕ್ ಹಿಡಿಯೂ ಮೊದಲ 'ಇವ್ರು ಹೇಳಿದ್ದು ಖರೇ ಐತೋ ಇಲ್ಲೋ' ಅಂತ ನಾ ಯೋಚನಿ ಮಾಡ್ತೀನಿ. ಯೋಚನಿ ಮಾಡ್ಕೋತ ಬ್ರೇಕ್ ಹಿಡಿಯಾಕ ಬರಾಂಗಿಲ್ರೀ."

ಗುರುಶಾಂತ ಚಹಾ ಕೆಳಗಿಟ್ಟು ಎದ್ದ. ಆಕೆ ಬೈಯಲಿಲ್ಲ, ಅಳಲಿಲ್ಲ. ಬಾಗಿಲವರೆಗೆ ಕೋಲೂರಿಕೊಂಡು ಬಂದು ಕಳಿಸಿಕೊಟ್ಟಳು. ಕ್ಷಮೆ ಸಿಕ್ಕಿತ್ತು. ಕೇಳಲು ಬಂದದ್ದು ಅದನ್ನೇ. ಆದರೆ ರಸ್ತೆಗಿಳಿದ ಮೇಲೆ ಅವನಿಗೆ ತಿಳಿಯಿತು, ತಾನು ಕಳೆದುಕೊಂಡದ್ದು ಬೇರೆಯದೇ ಇತ್ತು, ಅದು ಕೇಳಿದರೆ ಸಿಗುವಂಥದ್ದಲ್ಲ.

ನೀತಿ: ಬಲ ಹೆಚ್ಚಿಸಿಕೊಳ್ಳುವ ಮೊದಲು ಅದನ್ನು ತಾಳುವ, ತಡೆಯುವ ವ್ಯವಸ್ಥೆಯನ್ನು ಸಿದ್ಧಮಾಡಿಕೊಳ್ಳಬೇಕು. ಮತ್ತು ನಮ್ಮನ್ನು ನಂಬಿದವರು "ಸಾಕೇ?" ಎಂದು ಕೇಳಿದಾಗ, ನಮಗೆ ತಿಳಿದ ನಿಜವನ್ನೇ ಹೇಳಬೇಕು. ನಮ್ಮ ಹೆಸರಿನ ಆಸೆಗೆ ಆಗ ಹೇಳಿದ ಒಂದು ಸುಳ್ಳಿಗೆ ಕ್ಷಮೆ ಸಿಗಬಹುದು, ಆದರೆ ಹೋದ ನಂಬಿಕೆ ತಿರುಗಿ ಬರುವುದಿಲ್ಲ.